ಚರಗದ ದಿನ ನಾನು ಹೇಳಿದ ಸುದ್ದಿ

ಮೋಟಾರ್ ಸೈಕಲ್ಲಿನ ಸಪ್ಪಳ ಕೇಳಿದರೆ ನಮ್ಮ ಮನೆಯಲ್ಲಿ ಈಗಲೂ ಮಾತು ನಿಲ್ಲುತ್ತದೆ. ಅಂಚೆಯವನದು ಹಳೆಯ ಗಾಡಿ, ಏರು ಬಂದಾಗ ಕೆಮ್ಮುತ್ತದೆ. ಅದು ನಮ್ಮ ಓಣಿಗೆ ತಿರುಗಿತೋ ಮುಂದೆ ಹೋಯಿತೋ ಎಂದು ಗೊತ್ತಾಗುವ ತನಕ ಅವ್ವನ ಕೈ ರೊಟ್ಟಿಯ ಮೇಲೆ ನಿಂತಿರುತ್ತದೆ. ನಾನು ಕಂಪ್ಯೂಟರಿನ ಮುಂದೆ ಟೈಪ್ ಮಾಡುವುದನ್ನು ಬಿಟ್ಟು ಕೂತಿರುತ್ತೇನೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಇದು ಹೇಗೆ ಶುರುವಾಯಿತು ಎಂದು ಬರೆದಿಡಬೇಕು ಅನ್ನಿಸಿದೆ. ಬರೆಯುವುದಕ್ಕೂ ಹೆದರಿಕೆ ಇದೆ, ಅದಕ್ಕೇ ಯಾರ ಹೆಸರನ್ನೂ ಹಾಕುತ್ತಿಲ್ಲ. ಆದರೆ ಬರೆಯದೆ ಬಿಟ್ಟರೆ ನನ್ನ ನೆನಪು ನನಗೆ ಅನುಕೂಲವಾಗುವ ಹಾಗೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಈಗಾಗಲೇ ಕೆಲವು ಕಡೆ ತಿದ್ದಿಕೊಂಡಿದೆ.

ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಊರಿಗೆ ಮರಳಿದವಳು. ನಮ್ಮ ಊರು ಕುಂದಗೋಳದಿಂದ ಕುಬಿಹಾಳದ ಕಡೆ ಹೋಗುವ ದಾರಿಯಲ್ಲಿದೆ. ಮನೆಯಲ್ಲೇ ಕೂತು ಹುಬ್ಬಳ್ಳಿಯ ಒಂದು ಸಣ್ಣ ಏಜೆನ್ಸಿಗೆ ಭಾಷಾಂತರ ಮಾಡುತ್ತೇನೆ. ಷೇರುಪೇಟೆಯಲ್ಲಿರುವ ಕಂಪನಿಗಳು ತಮ್ಮ ಕೆಲವು ಪ್ರಕಟಣೆಗಳನ್ನು ಇಂಗ್ಲಿಷಿನ ಜೊತೆಗೆ ಕನ್ನಡ ಪತ್ರಿಕೆಯಲ್ಲೂ ಹಾಕಿಸಬೇಕು. ಸಾಸಿವೆ ಕಾಳಿನಷ್ಟು ಅಕ್ಷರದ, ಯಾರೂ ಓದದ ಆ ಜಾಹೀರಾತುಗಳ ಕನ್ನಡ ನನ್ನದು. ಅಚ್ಚಾಗುವ ಮೊದಲೇ ಅವು ನನ್ನ ಕೈಗೆ ಬರುತ್ತಿದ್ದವು. ಇದರಲ್ಲಿರುವುದನ್ನು ಯಾರಿಗೂ ಹೇಳಬಾರದು ಎಂಬ ಕಾಗದಕ್ಕೆ ಸಹಿ ಹಾಕಿದ್ದೆ. ಓದಿಯೇ ಹಾಕಿದ್ದೆ. ಪತ್ರಿಕೆಯವರಿಗೆ, ಬೇರೆ ಕಂಪನಿಯವರಿಗೆ ಹೇಳಬಾರದು ಎಂದು ಅರ್ಥ ಮಾಡಿಕೊಂಡಿದ್ದೆ. ಎಳ್ಳ ಅಮವಾಸಿಗೆ ಹೊಲದಲ್ಲಿ ಒಟ್ಟಿಗೆ ಕೂತು ಉಣ್ಣುವ ಎಂಟು ಮಂದಿಯ ಮುಖ ಆಗ ನನ್ನ ಕಣ್ಣ ಮುಂದೆ ಬರಲಿಲ್ಲ.

ಎಳ್ಳ ಅಮವಾಸಿಯ ದಿನ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತಾರೆ. ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತೇವೆ. ತಂದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ ಹೊಲದ ಸುತ್ತ ಹುಲ್ಲುಲ್ಲಿಗೋ ಎಂದು ಕೂಗುತ್ತ ಚೆಲ್ಲಿ ಬಂದು ಊಟಕ್ಕೆ ಕೂಡುತ್ತೇವೆ. ಇದು ಎಲ್ಲರ ಮನೆಯದೂ ಪದ್ಧತಿ. ನಮ್ಮ ಮನೆತನದಲ್ಲಿ ಇನ್ನೊಂದು ಪದ್ಧತಿ ಇದೆ. ಮೊದಲ ತುತ್ತಿಗೆ ಮುಂಚೆ, ಆ ವರ್ಷ ತನಗೆ ಏನು ಬಂತು, ಏನು ಹೋಯಿತು ಎಂಬುದನ್ನು ಒಬ್ಬೊಬ್ಬರೂ ಹೇಳಬೇಕು. ಹೊಲ ಕೊಟ್ಟದ್ದನ್ನು ಹೊಲಕ್ಕೆ ಮುಚ್ಚಿಟ್ಟು ಉಣ್ಣಬಾರದು ಎಂದು ನಮ್ಮ ಮುತ್ತ್ಯಾ ಮಾಡಿಟ್ಟದ್ದಂತೆ. ನಾವು ಅದನ್ನು ಪಾಲಿಸುತ್ತ ಬಂದಿದ್ದೇವೆ, ಅರ್ಧ ಚೇಷ್ಟೆಯಲ್ಲಿ, ಅರ್ಧ ಭಕ್ತಿಯಲ್ಲಿ.

ಆ ವರ್ಷ ಬಿಸಿಲು ಹದವಾಗಿತ್ತು. ಕೆಳಗಿನ ತಾಕಿನಲ್ಲಿ ಮೆಣಸಿನಕಾಯಿ ಕೆಂಪಾಗಿ, ಮೇಲೆ ಬಿಳಿಜೋಳ ಎದೆಮಟ್ಟ ಬಂದಿತ್ತು. ಸೋದರತ್ತೆ ತನ್ನ ಮಗಳ ಲಗ್ನ ಗೊತ್ತಾದದ್ದು ಹೇಳಿದಳು. ಕಾಕಾನ ಮಗ ತನ್ನ ಬೋರ್‌ವೆಲ್ಲಿಗೆ ನೀರು ಬಿದ್ದದ್ದು ಹೇಳಿದ. ಕಾಕಾನ ಸೊಸೆ ಬಸುರಿಯಾಗಿದ್ದಳು, ಅವಳು ಹೇಳುವ ಮೊದಲೇ ಎಲ್ಲರೂ ನಕ್ಕರು. ಹೀಗೆ ಸುತ್ತಿ ಬಂದು ನನ್ನ ಸರದಿ. ನನ್ನ ಹತ್ತಿರ ಏನೂ ಇರಲಿಲ್ಲ. ಮದುವೆಯಿಲ್ಲ, ಕಾಯಂ ನೌಕರಿಯಿಲ್ಲ, ಹಿಂದಿನ ವರ್ಷ ಹೇಳಿದ್ದನ್ನೇ ಹೇಳಬೇಕು. ಆಗ ನಾನು, ನಮ್ಮ ಮೆಣಸಿನಕಾಯಿ ಬೀಜದ ಕಂಪನಿಯನ್ನು ಒಂದು ದೊಡ್ಡ ಕಂಪನಿ ಕೊಳ್ಳುತ್ತಿದೆ, ಅದರ ಕಾಗದ ಇನ್ನೂ ಯಾರಿಗೂ ಗೊತ್ತಿಲ್ಲ, ನನ್ನ ಕೈಯಲ್ಲೇ ಕನ್ನಡ ಆಗುತ್ತಿದೆ ಎಂದೆ.

ಬಡಿವಾರಕ್ಕೆ ಹೇಳಿದೆನೇ? ಬಹಳ ದಿನ ಹಾಗೆ ಕೇಳಿಕೊಂಡಿದ್ದೇನೆ. ಪದ್ಧತಿ ಹೇಳಿಸಿತು ಎಂದು ಒಮ್ಮೊಮ್ಮೆ ಸಮಾಧಾನ ಮಾಡಿಕೊಳ್ಳುತ್ತೇನೆ. ಎಲ್ಲರೂ ಏನೋ ಒಂದು ತಂದಿಟ್ಟ ಜಾಗದಲ್ಲಿ ಬರಿಗೈಯಲ್ಲಿ ಕೂಡಲಾರದೆ ಹೇಳಿದೆ ಎಂಬುದು ಹೆಚ್ಚು ನಿಜ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ, ನಿವೃತ್ತ ಸಾಲಿ ಮಾಸ್ತರ. ಅಪ್ಪ ತೀರಿದ ಮೇಲೆ ನನ್ನನ್ನು ಧಾರವಾಡಕ್ಕೆ ಓದಲು ಕಳಿಸಿದವನು ಅವನೇ. ಪಿಂಚಣಿ ಬಂದ ಮೇಲೆ ಇನ್ನೊಬ್ಬ ಮಾಸ್ತರರಿಂದ ಫೋನಿನಲ್ಲಿ ಷೇರು ಕೊಳ್ಳುವುದನ್ನು ಕಲಿತಿದ್ದ. ಹತ್ತು ತಗೊಳ್ಳುವುದು, ಹತ್ತು ಮಾರುವುದು, ಪದಬಂಧ ತುಂಬಿಸುವ ಹಾಗೆ. ಅವನು ಕಡಬು ಮುರಿಯುತ್ತ, "ಖರೇನ ಕೊಳ್ಳಾಕ ಹತ್ಯಾರೇನವಾ?" ಎಂದು ಕೇಳಿದ. ನಾನು ಹೌದೆಂದೆ.

ಅಷ್ಟೇ ಕೇಳಿದ ಎಂದು ನನ್ನ ನೆನಪು. ದಿನಚರಿ ಬೇರೆ ಹೇಳುತ್ತದೆ. ಆ ರಾತ್ರಿ ನಾನು ಬರೆದದ್ದು ಹೀಗಿದೆ: "ಚರಗ. ಬಿಸಿಲು ಚಲೋ ಇತ್ತು. ನನ್ನ ಸರದಿಗೆ ಬೀಜದ ಕಂಪನಿಯ ಸುದ್ದಿ ಹೇಳಿದೆ. ಕಾಕಾ ಎರಡು ಸಲ ಕೇಳಿದ. ಪೇಪರಿನಲ್ಲಿ ಯಾವತ್ತು ಬರುತ್ತದೆ ಅಂತಲೂ ಕೇಳಿದ, ಹೇಳಿದೆ." ಯಾವತ್ತು ಎಂಬ ಈ ಪ್ರಶ್ನೆ ನನಗೆ ನೆನಪೇ ಇಲ್ಲ. ಅಕ್ಷರ ಮಾತ್ರ ನನ್ನದೇ.

ನಾಲ್ಕಾರು ದಿನಕ್ಕೆ ಸುದ್ದಿ ಹೊರಬಿತ್ತು. ಕಾಕಾ ಒಂದು ಕಿಲೋ ಧಾರವಾಡ ಫೇಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಏನು ವಿಶೇಷ ಎಂದು ಅವ್ವ ಕೇಳಿದ್ದಕ್ಕೆ, ಹಂಗ ತಂದೇನ್ರಿ ವೈನಿ, ತಿನ್ರಿ ಎಂದ. ನಾನೂ ತಿಂದೆ. ಆಗ ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಎರಡನೆಯ ಫೇಡೆಯನ್ನು ಕೈಯಲ್ಲಿ ಹಿಡಿದು ತಿನ್ನದೆ ತಿರುಗಿ ಡಬ್ಬಿಯಲ್ಲಿಟ್ಟದ್ದು ಮಾತ್ರ ನೆನಪಿದೆ.

ಕಾಕಾನಿಗೆ ಅದರಲ್ಲಿ ಸಿಕ್ಕದ್ದು ಒಂದು ಜೋಡಿ ಎತ್ತಿನ ಬೆಲೆ ಎಂದು ಆಮೇಲೆ ತಿಳಿಯಿತು.

ಮುಂದಿನ ಬೇಸಿಗೆಯಲ್ಲಿ ಟಿ.ವಿ.ಯಲ್ಲಿ ಅದೇ ಕಂಪನಿಯ ಹೆಸರು ಬಂತು. ಬೀಜದ ಅಂಗಡಿಯ ಗೋಡೆಯ ಮೇಲೆ ಕೈಯಲ್ಲಿ ಮೆಣಸಿನಕಾಯಿ ಹಿಡಿದು ನಗುತ್ತಿದ್ದ ಸಿನಿಮಾ ನಟ, ಕಂಪನಿಯ ಮಾಲೀಕರಿಂದ ಮೊದಲೇ ಸುದ್ದಿ ತಿಳಿದು ಸಿಕ್ಕಾಪಟ್ಟೆ ಷೇರು ಕೊಂಡಿದ್ದನಂತೆ. ಒಳಗಿನ ಸುದ್ದಿ ಹಿಡಿದು ವ್ಯವಹಾರ ಮಾಡುವುದು ಅಪರಾಧ, ತನಿಖೆ ನಡೆದಿದೆ ಎಂದರು. ನಟ ಕಪ್ಪು ಕನ್ನಡಕ ಹಾಕಿಕೊಂಡು ವಿಮಾನ ನಿಲ್ದಾಣದಿಂದ ಹೊರಬಂದು, ನನಗೆ ನ್ಯಾಯದ ಮೇಲೆ ನಂಬಿಕೆ ಇದೆ ಎಂದು ಹೇಳಿ ಕಾರು ಹತ್ತಿದ. ಹಿಂದೆ ನಾಲ್ಕು ಜನ ವಕೀಲರಿದ್ದರು. ನಮ್ಮ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದ ಕಾಕಾ ಚಹಾದ ಬಟ್ಟಲನ್ನು ನೆಲದ ಮೇಲಿಟ್ಟು ಎದ್ದು ಹೋದ. ಬಟ್ಟಲಲ್ಲಿ ಅರ್ಧ ಚಹಾ ಹಾಗೇ ಇತ್ತು.

ಹೊಲದಲ್ಲಿ ಹೆಸರುಕಾಯಿ ಬಿಡಿಸುವ ದಿನಗಳಲ್ಲಿ ಅವನಿಗೆ ಮುಂಬಯಿಯಿಂದ, ಷೇರುಪೇಟೆಯ ಮೇಲೆ ನಿಗಾ ಇಡುವ ಮಂಡಳಿಯಿಂದ, ಒಂದು ದಪ್ಪ ಲಕೋಟೆ ಬಂತು. ಇದನ್ನು ನಾನು ಆಗ ಕಂಡಿರಲಿಲ್ಲ. ಇಂಗ್ಲಿಷಿನಲ್ಲಿ ಹದಿನಾಲ್ಕು ಹಾಳೆ. ಅವನು ಸಾಲಿಯಲ್ಲಿ ಇಂಗ್ಲಿಷ್ ಕಲಿಸಿದವನು, ಮೊದಲ ಹಾಳೆ ಅವನಿಗೆ ತಿಳಿಯಿತು. ಮುಂದಿನದನ್ನು ನನಗೆ ಓದಲು ಕೊಡಬೇಕಿತ್ತು, ಊರಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ನನ್ನನ್ನು ಇದರಲ್ಲಿ ಎಳೆಯಬಾರದು ಎಂದು ಅವನು ಲಕೋಟೆಯನ್ನು ದೇವರ ಜಗುಲಿಯ ಫೋಟೋದ ಹಿಂದೆ ಇಟ್ಟ. ದಿನಾ ಮುಂಜಾನೆ ಅದರ ಮುಂದೆ ಕೂತು ಲಿಂಗಪೂಜೆ ಮಾಡಿದ. ಎರಡು ತಿಂಗಳ ಮೇಲೆ ಧೂಳು ಹೊಡೆಯುವಾಗ ಅವನ ಹೆಂಡತಿ, ನಮ್ಮ ಕಾಕುವಿನ ಕೈಗೆ ಸಿಕ್ಕಿತು. ಅವಳು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದಳು. "ಇದರಾಗ ಪೊಲೀಸರು ಅಂತ ಐತೇನು ನೋಡವಾ," ಎಂದಳು.

ಪೊಲೀಸರು ಎಂದು ಇರಲಿಲ್ಲ. ಸುದ್ದಿ ಹೊರಬೀಳುವ ಮುಂಚೆ ಆ ಷೇರು ಕೊಂಡವರ ಪಟ್ಟಿಯಿತ್ತು. ನಟನ ಹೆಸರು ಮೇಲೆ, ಕೆಳಗೆ ಕಂಪನಿಯ ಕೆಲವರು, ಕೊನೆಯಲ್ಲಿ ಕಾಕಾನ ಪೂರ್ತಿ ಹೆಸರು, ಅವನ ಅಪ್ಪನ ಹೆಸರು, ಊರು, ತಾಲ್ಲೂಕು. ಹನ್ನೊಂದನೆಯ ಹಾಳೆಯಲ್ಲಿ ಇನ್ನೊಂದು ಮಾತಿತ್ತು. ಅರವತ್ತು ದಿನದೊಳಗೆ ಅರ್ಜಿ ಹಾಕಿದರೆ, ತಪ್ಪನ್ನು ಒಪ್ಪಿಕೊಳ್ಳದೆ, ಅಲ್ಲಗಳೆಯದೆ, ಹಣ ಕಟ್ಟಿ ರಾಜಿ ಮಾಡಿಕೊಳ್ಳಬಹುದು. ನಾನು ದಿನಗಳನ್ನು ಎಣಿಸಿದೆ. ಅರವತ್ತು ದಾಟಿ ಒಂದು ವಾರ ಆಗಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾಕಾನಿಗೆ ಯಾರು ಹೇಳಿದರು ಎಂಬ ಪ್ರಶ್ನೆ ಬಂದೇ ಬರುತ್ತದೆ, ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಇಲ್ಲ ಅಷ್ಟೇ. ಮುಂಜಾನೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ಸೊಪ್ಪು ಸೋಸುತ್ತ, ತಲೆಯೆತ್ತದೆ ಅಂದಳು:

"ಅವತ್ತ ನೀ ಏನೂ ಹೇಳಿಲ್ಲ. ತಲಿ ಬ್ಯಾನಿ ಅಂತ ಸುಮ್ಮ ಕುಂತಿದ್ದಿ."

"ಯವ್ವಾ, ನಾ ಬರದೀನಿ."

"ಎಲ್ಲಿ ಬರದೀ, ತಾ ಇಲ್ಲೆ."

ದಿನಚರಿಯನ್ನು ಅವಳು ಓದಲಿಲ್ಲ. ಅರಿವೆಯಲ್ಲಿ ಸುತ್ತಿ ಜೋಳದ ಡ್ರಮ್ಮಿನ ತಳಕ್ಕೆ ಹಾಕಿ ಮೇಲೆ ಜೋಳ ಸುರಿದಳು. ಆಮೇಲೆ ಅತ್ತೆಯನ್ನು ಕೇಳಿದೆ, ಕಾಕಾನ ಮಗನನ್ನು ಕೇಳಿದೆ. ಅವನಿಗೆ ತನ್ನ ಬೋರ್‌ವೆಲ್ಲಿನ ಮಾತು ನೆನಪಿತ್ತು, ನನ್ನದು ಇರಲಿಲ್ಲ. ಅತ್ತೆ ಕೂಡ, ನಿನಗ ತಲಿ ಬ್ಯಾನಿ ಇತ್ತಲ್ಲ, ಎಂದಳು. ಅವ್ವ ಅವಳಿಗೆ ಹೇಳಿಕೊಟ್ಟಿದ್ದಳೋ, ನಿಜವಾಗಿ ಹಾಗೇ ನೆನಪಿತ್ತೋ ಗೊತ್ತಿಲ್ಲ. ನನ್ನ ನೆನಪಿನ ಬಗ್ಗೆಯೇ ಭಯ ಹುಟ್ಟಿದ್ದು ಆಮೇಲೆ. ಸ್ವಲ್ಪ ದಿನಕ್ಕೆ ನನಗೂ ಬನ್ನಿ ಗಿಡಕ್ಕೆ ಒರಗಿ ಹಣೆ ಹಿಡಿದುಕೊಂಡು ಕೂತ ನಾನು ಕಾಣತೊಡಗಿದೆ. ಅಷ್ಟು ಸ್ಪಷ್ಟವಾಗಿ, ಹಣೆಗೆ ಹಚ್ಚಿದ ಮುಲಾಮಿನ ವಾಸನೆ ಸಮೇತ.

ಕಾಕಾನಿಗೆ ವಿಚಾರಣೆಗೆ ಮುಂಬಯಿಗೆ ಬರಬೇಕು, ಇಲ್ಲವಾದರೆ ವಿಡಿಯೋದಲ್ಲಿ ಹಾಜರಾಗಬೇಕು ಎಂದು ಬಂತು. ಹುಬ್ಬಳ್ಳಿಯ ವಕೀಲರು ಹೊಲದ ವ್ಯಾಜ್ಯ ನೋಡುವವರು, ಇದಕ್ಕೆ ಮುಂಬಯಿಯವರೇ ಆಗಬೇಕ್ರಿ ಎಂದು ಕೈಮುಗಿದರು. ಮುಂಬಯಿ ವಕೀಲರು ಒಂದು ದಿನಕ್ಕೆ ಕೇಳುವುದು ಕಾಕಾನಿಗೆ ಷೇರಿನಲ್ಲಿ ಸಿಕ್ಕದ್ದಕ್ಕಿಂತ ಹೆಚ್ಚು. ಹಾಗಾಗಿ ವಕೀಲರಿಲ್ಲದೆ, ಭಾಷಾಂತರಕ್ಕೆ ಒಬ್ಬರನ್ನು ಕರೆತರಬಹುದು ಎಂಬ ಅನುಮತಿ ಇಟ್ಟುಕೊಂಡು, ನಾವಿಬ್ಬರೂ ಕುಂದಗೋಳದ ಬಸ್ ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋದೆವು. ನಮ್ಮ ಊರಿನಲ್ಲಿ ವಿಡಿಯೋ ಮಾತಿಗೆ ನೆಟ್‌ವರ್ಕ್ ನಿಲ್ಲುವುದಿಲ್ಲ. ಇನ್ನೊಬ್ಬರನ್ನು ಕರೆದುಕೊಂಡು ಹೋಗು ಎಂದು ನಾನು ಬೇಡಿಕೊಂಡಿದ್ದೆ. ಬೇರೆಯವರು ತಪ್ಪಾಗಿ ಹೇಳಿದರೆ, ಎಂದ ಕಾಕಾ.

ಪಾಸ್‌ಪೋರ್ಟ್ ಫೋಟೋ ತೆಗೆಯಲು ಕಟ್ಟಿದ ನೀಲಿ ಬಟ್ಟೆಯ ಮುಂದೆ ಸ್ಟೂಲಿನ ಮೇಲೆ ಕಾಕಾ ಕೂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಧ್ವಜವಂದನೆಯ ದಿನ ಹಾಕುತ್ತಿದ್ದ ಗಾಂಧಿ ಟೊಪ್ಪಿಗೆ. ಆ ಸಲ ಸ್ವಾತಂತ್ರ್ಯ ದಿನಕ್ಕೆ ಸಾಲಿಯವರು ಕರೆದರೂ ಅವನು ಹೋಗಿರಲಿಲ್ಲ. ನಾನು ಬಾಜೂಕ್ಕೆ ಕೂತೆ. ಪರದೆಯ ಮೇಲೆ ಮಂಡಳಿಯ ಅಧಿಕಾರಿ, ಒಬ್ಬ ಹೆಣ್ಣುಮಗಳು, ನನ್ನ ವಯಸ್ಸಿನವಳೇ ಇರಬೇಕು, ಸೌಮ್ಯವಾಗಿ ಮಾತಾಡುತ್ತಿದ್ದಳು. ಅವಳ ಸೌಮ್ಯತೆಯೇ ನನಗೆ ಹೆಚ್ಚು ಹೆದರಿಕೆ ತಂದಿತು. ಹಿಂದೆ ಝೆರಾಕ್ಸ್ ಯಂತ್ರ ಆಧಾರ್ ಕಾರ್ಡುಗಳನ್ನು ಉಗುಳುತ್ತಿತ್ತು.

ಈ ಕಂಪನಿಯ ಷೇರನ್ನೇ ಆ ದಿನವೇ ಯಾಕೆ ಕೊಂಡಿರಿ, ಯಾರು ಹೇಳಿದರು ಎಂದು ಅವಳು ಕೇಳಿದಳು. ನಾನು ಕನ್ನಡ ಮಾಡಿದೆ. ನನ್ನ ಬಾಯಿಂದಲೇ, ನನ್ನ ಕಾಕಾನಿಗೆ, ಯಾರು ಹೇಳಿದರು ಎಂದು ಕೇಳಿದೆ.

ಕಾಕಾ ನನ್ನ ಕಡೆ ನೋಡಲಿಲ್ಲ. ಕ್ಯಾಮೆರಾದ ಸಣ್ಣ ಬೆಳಕನ್ನೇ ನೋಡುತ್ತ, "ಬೀಜದ ಅಂಗಡಿ ಮುಂದ ಮಂದಿ ಮಾತಾಡಾಕತ್ತಿದ್ರು. ಯಾರು ಅಂತ ನಾ ನೋಡಲಿಲ್ರಿ," ಎಂದ.

ಹತ್ತು ವರ್ಷದ ಅಭ್ಯಾಸ, ಇಂಗ್ಲಿಷ್ ತಾನಾಗಿ ಬಂತು. ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸಂಬಂಧಿಕರು, ಪರಿಚಯದವರು ಯಾರಾದರೂ ಆ ಕಂಪನಿಯ ಕೆಲಸದಲ್ಲಿದ್ದರೇ ಎಂದು ಕೇಳಿದಳು. ಇಲ್ಲರಿ. ಬರಹದಲ್ಲಿ ಏನಾದರೂ ಇದೆಯೇ? ಏನೂ ಇಲ್ಲರಿ. ಜೋಳದ ಡ್ರಮ್ಮಿನ ತಳ ನನ್ನ ಕಣ್ಣಿಗೆ ಕಟ್ಟಿತು. ಆಮೇಲೆ ಅವಳು ನನ್ನ ಕಡೆ ತಿರುಗಿ, ನೀವು ಇವರಿಗೆ ಏನಾಗಬೇಕು, ಏನು ಕೆಲಸ ಮಾಡುತ್ತೀರಿ ಎಂದಳು. ಅಣ್ಣನ ಮಗಳು, ಭಾಷಾಂತರ ಮಾಡುತ್ತೇನೆ ಎಂದೆ. ಯಾವ ಭಾಷಾಂತರ ಎಂದು ಮುಂದಿನ ಪ್ರಶ್ನೆ ಬರಬೇಕಿತ್ತು. ಅವಳು ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದಳು.

ಹೊರಗೆ ಬಂದ ಮೇಲೆ ಕಾಕಾ ಒಂದು ಪ್ಲೇಟ್ ಮಿರ್ಚಿ ಹೇಳಿದ. ಇಬ್ಬರೂ ಮುಟ್ಟಲಿಲ್ಲ. "ಚಲೋ ಹೇಳಿದಿ ಬಿಡು. ನಿನಗ ಎ ಬಿ ಸಿ ಡಿ ತಿದ್ದಿಸಿದಾಂವ ನಾನ," ಎಂದ. ನಗಲು ನೋಡಿದ.

ಕೆಲವು ದಿನಗಳ ನಂತರ ನಾನೊಬ್ಬಳೇ ಹುಬ್ಬಳ್ಳಿಗೆ ಹೋಗಿ ಅದೇ ವಕೀಲರನ್ನು ಕಂಡೆ. ಸುದ್ದಿ ಹೇಳಿದವರು ಈಗ ಮುಂದೆ ಬಂದರೆ ಕಾಕಾನಿಗೆ ಹಗುರಾಗುತ್ತದೆಯೇ ಎಂದು ಬೇರೆ ಯಾರದೋ ಕಥೆಯಂತೆ ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಈಗ ಹೇಳಿದ್ರ ಇಬ್ಬರೂ ಮುಳುಗ್ತೀರಿ, ತಂಗಿ. ಅವರು ಸುಳ್ಳು ಹೇಳಿದ್ದೂ ಮ್ಯಾಲೆ ಕೂಡತೈತಿ." ನಾನು ನಮಸ್ಕಾರ ಮಾಡಿ ಬಂದುಬಿಟ್ಟೆ. ಅವರು ಮುಳುಗ್ತಾರ ಎನ್ನದೆ ಮುಳುಗ್ತೀರಿ ಎಂದದ್ದು ನನಗೆ ಕುಂದಗೋಳದ ತನಕ ಕೇಳುತ್ತಲೇ ಇತ್ತು. ಆ ವರ್ಷದ ಚರಗದಲ್ಲಿ ಯಾರೂ ಏನೂ ಹೇಳಲಿಲ್ಲ. ಬಿಸಿಲು ಭಾಳ ಐತಿ, ಲಗೂನ ಉಣ್ಣೋಣು ಎಂದ ಕಾಕಾನ ಮಗ.

ನಟನ ಪ್ರಕರಣ ಮಳೆಗಾಲಕ್ಕೆ ಮುಂಚೆ ಮುಗಿಯಿತು. ಅವನ ವಕೀಲರು ಅರವತ್ತು ದಿನದೊಳಗೆ ಅರ್ಜಿ ಹಾಕಿದ್ದರು. ಒಪ್ಪಿಕೊಳ್ಳದೆ, ಅಲ್ಲಗಳೆಯದೆ, ಹಣ ಕಟ್ಟಿದ. ಟಿ.ವಿ.ಯಲ್ಲಿ ಅವನಿಗೆ ಹಾರ ಹಾಕಿದರು. ಅದಾಗಿ ಸ್ವಲ್ಪ ದಿನಕ್ಕೆ ಕಾಕಾನ ಆದೇಶ ಬಂತು. ತಪ್ಪಿತಸ್ಥ ಎಂಬ ಶಬ್ದ ಅದರಲ್ಲಿತ್ತು. ಬಂದ ಲಾಭ ವಾಪಸ್ಸು, ಅದರ ಮೇಲೆ ಅದಕ್ಕೆ ಎಷ್ಟೋ ಪಟ್ಟು ದಂಡ. ಕಟ್ಟುವ ತನಕ ಪಿಂಚಣಿ ಬರುವ ಖಾತೆಯನ್ನೂ ಮುಟ್ಟದಂತೆ ಮಾಡಿದರು.

ಕಾಕಾ ಆದೇಶವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ನನ್ನನ್ನು ಕೇಳಿದ. "ಅಂವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ರೊಕ್ಕಾ ಕೊಟ್ಟು ಮನಿಗೆ ಹೋದ. ನನಗೂ ಹಂಗ ಬಿಡ್ರಿ ಅಂದಿದ್ರ ಬಿಡತಿದ್ರೇನು?"

ಬಿಡುತ್ತಿದ್ದರು ಎಂದು ನಾನು ಹೇಳಬೇಕಾಯಿತು. ಕಾಗದದ ಮೇಲೆ ಅವನಿಗೂ ನಟನಿಗೂ ಒಂದೇ ಕಾನೂನು, ಒಂದೇ ಹನ್ನೊಂದನೆಯ ಹಾಳೆ. ಅವನ ಲಕೋಟೆಯನ್ನು ಒಡೆದವರು ನಾಲ್ಕು ಜನ ವಕೀಲರು. ಇವನ ಲಕೋಟೆಯನ್ನು ಕಾಯ್ದವರು ದೇವರು. ಸುದ್ದಿ ಹೇಳಿದ ಕಂಪನಿಯ ಮಾಲೀಕನೂ ರಾಜಿಯಲ್ಲೇ ಹೊರಬಿದ್ದ. ಇಲ್ಲಿ ಸುದ್ದಿ ಹೇಳಿದವಳು ಕಾಗದ ಓದಿ ಅರ್ಥ ಹೇಳುತ್ತ ಕೂತಿದ್ದಳು. ನಾನು ಇದನ್ನೆಲ್ಲ ಅನ್ಯಾಯ ಎಂದು ಬರೆಯಲು ಹೋಗಿ ನಿಲ್ಲಿಸುತ್ತೇನೆ. ತಪ್ಪು ನಡೆದೇ ಇರಲಿಲ್ಲ ಎಂದು ನಾನು ಹೇಳಲಾರೆ. ಕಾಕಾ ಯಾವತ್ತು ಎಂದು ಕೇಳಿದ್ದ, ನಾನು ಹೇಳಿದ್ದೆ. ಆದರೆ ಬೀಜದ ಅಂಗಡಿಯ ಗೋಡೆಗೆ ಈ ಹಂಗಾಮಿನಲ್ಲಿ ಹೊಸ ಪೋಸ್ಟರ್ ಬಂದಿದೆ, ಅದೇ ನಗು, ಅದೇ ಕೆಂಪು ಮೆಣಸಿನಕಾಯಿ. ಕಾಕಾ ಬೀಜ ತರಲು ತನ್ನ ಮಗನನ್ನು ಕಳಿಸುತ್ತಾನೆ.

ದಂಡ ಕಟ್ಟಿದ ದಿನ ಕಾಕುವಿನ ಕೈಯ ಬಂಗಾರದ ಪಾಟ್ಲಿ ಹೋದವು. ಅವಳ ತವರಿನವರು ಹಾಕಿದ್ದವು, ರೊಟ್ಟಿ ಬಡಿಯುವಾಗಲೂ ತೆಗೆಯುತ್ತಿರಲಿಲ್ಲ.

ಹೋದ ತಿಂಗಳು ಎಳ್ಳ ಅಮವಾಸಿ ಬಂತು. ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಕಡಬು. ಪಾಂಡವರಿಗೆ ಪೂಜೆಯಾಗಿ, ಚರಗ ಚೆಲ್ಲಿ, ಎಲ್ಲರೂ ಕೂತೆವು. ಅತ್ತೆ ಹಳೆಯ ಪದ್ಧತಿಯಂತೆ ತನ್ನ ಮಗಳಿಗೆ ಹೆಣ್ಣು ಹುಟ್ಟಿದ್ದು ಹೇಳಿದಳು. ಕಾಕಾನ ಮಗ ಏನೋ ಹೇಳಿದ, ಕೇಳಿಸಲಿಲ್ಲ. ನನ್ನ ಸರದಿ ಹತ್ತಿರ ಬರುತ್ತಿದ್ದ ಹಾಗೆ ಅಂಗೈ ಬೆವತು ರೊಟ್ಟಿ ಮೆತ್ತಗಾಯಿತು. ಅವ್ವ ನನ್ನ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದಳು, ಬೇಡ ಎಂದು.

"ಅವತ್ತ ಇಲ್ಲೆ ಕುಂತು ಕಂಪನಿ ಸುದ್ದಿ ಹೇಳಿದಾಕಿ ನಾನು," ಎಂದೆ. "ಕಾಕಾ ಅಂಗಡ್ಯಾಗ ಕೇಳಿಲ್ಲ. ನನಗ ತಲಿ ಬ್ಯಾನಿ ಇರಲಿಲ್ಲ."

ಅವ್ವ ನೆಲ ನೋಡಿದಳು. ಕಾಕಾ ಹೊಲದ ಕಡೆ ಮುಖ ಮಾಡಿದ. ಬಾಯಿಬಿಟ್ಟವಳು ಕಾಕು.

"ಗೊತ್ತೈತಿ ಬೇ. ನಾವೇನು ಕಿವುಡರಿದ್ವಿ ಏನು?"

ಅಂದರೆ ಅವಳಿಗೆ ನೆನಪಿತ್ತು. ಪಾಟ್ಲಿ ಬಿಚ್ಚುವಾಗಲೂ ನೆನಪಿತ್ತು. ಅವರೆಲ್ಲರಿಗೂ ಮೊದಲಿನಿಂದಲೂ ನೆನಪಿತ್ತು ಎಂಬುದು ಆಗ ನನಗೆ ತಿಳಿಯಿತು, ಮತ್ತು ಆ ತಿಳಿವಳಿಕೆಯಿಂದ ಎದೆ ಹಗುರಾಗಲಿಲ್ಲ. ಎಂಟು ಮಂದಿ ಮರೆತಿದ್ದಾರೆ ಎಂದುಕೊಂಡಾಗ ಹೆದರಿಕೆ ನನ್ನೊಬ್ಬಳದಾಗಿತ್ತು. ಈಗ ಯಾರಾದರೂ ಬಂದು ಕೇಳಿದರೆ ಎಂಟು ಮಂದಿ ನನಗಾಗಿ ಸುಳ್ಳು ಹೇಳಬೇಕು.

"ಆತಲ್ಲ, ಹೊಲಕ್ಕ ಕೇಳ್ತು," ಎಂದ ಕಾಕಾ, ಇನ್ನೂ ಆ ಕಡೆಗೇ ನೋಡುತ್ತ. "ಇನ್ನ ಉಣ್ಣು."

ಆಗ ದಾರಿಯ ಮೇಲೆ ಮೋಟಾರ್ ಸೈಕಲ್ಲಿನ ಸಪ್ಪಳ ಬಂತು. ಏರಿನಲ್ಲಿ ಕೆಮ್ಮಿತು. ಎಲ್ಲರ ಕೈಯೂ ತಾಟಿನ ಮೇಲೆ ನಿಂತಿತು. ನಮ್ಮ ಹೊಲದ ಬದುವಿನ ಹತ್ತಿರ ಅದು ನಿಧಾನವಾಯಿತು, ಅಥವಾ ನನಗೆ ಹಾಗೆ ಅನ್ನಿಸಿತು. ಆಮೇಲೆ ಕುಬಿಹಾಳದ ಕಡೆಗೆ ಹೊರಟು ಹೋಯಿತು. ಕಾಕು ನನ್ನ ತಾಟಿಗೆ ಇನ್ನೊಂದು ಕಡಬು ಹಾಕಿದಳು. ಗಾಜಿನ ಬಳೆ ತಾಟಿಗೆ ತಾಗಿ ಸಪ್ಪಳವಾದದ್ದಕ್ಕೆ ಅವಳೇ ಬೆಚ್ಚಿದಳು.